ಶಂಕರಣ್ಣನ ಫೋಟೊ ಅಂಟಿಸಿದ ಆಟೊಗಳಿಗೊಂದು ಕೆಲಸವಿದೆ

ದಾವಣಗೆರೆಯಿಂದ ಚಿತ್ರದುರ್ಗದ ಕಡೆ ಬರುವಾಗ ಹೆದ್ದಾರಿಯಲ್ಲಿ ಆನಗೋಡು ಸಿಗುತ್ತದೆ. 1990ರ ಸೆಪ್ಟೆಂಬರ್ 30, ಭಾನುವಾರ. ನಟ, ನಿರ್ದೇಶಕ ಶಂಕರ್ ನಾಗ್ ಇದ್ದ ಕಾರು ಈ ಊರಿನ ಬಳಿ ಲಾರಿಗೆ ಡಿಕ್ಕಿಯಾಯಿತು. ‘ಜೋಕುಮಾರಸ್ವಾಮಿ’ ಚಿತ್ರದ ಕೆಲಸಕ್ಕೆಂದು ಲೋಕಾಪುರಕ್ಕೆ ಹೊರಟಿದ್ದರು. ಪತ್ನಿ ಅರುಂಧತಿ, ಪುಟ್ಟ ಮಗಳು ಕಾವ್ಯಾ ಜೊತೆಗಿದ್ದರು. ಅವರಿಬ್ಬರೂ ಬದುಕಿ ಉಳಿದರು, ಶಂಕರ್ ಉಳಿಯಲಿಲ್ಲ. ಮೂವತ್ತಾರು ತುಂಬಲು ಇನ್ನೂ ನಲವತ್ತು ದಿನ ಬಾಕಿಯಿತ್ತು.

ಮೂವತ್ತೈದು ವರ್ಷದ ಮೇಲಾಯಿತು. ಚಳ್ಳಕೆರೆಯ ಬಸ್ ನಿಲ್ದಾಣದ ಆಸುಪಾಸಿನಲ್ಲಿ, ಮೊಳಕಾಲ್ಮೂರಿನ ಬೀದಿಗಳಲ್ಲಿ ಸಾಲುಗಟ್ಟಿ ನಿಲ್ಲುವ ಆಟೊಗಳ ಬೆನ್ನು ನೋಡಿ. ಗಡ್ಡದೊಳಗಿನ ಅದೇ ನಗು ಕಾಣುತ್ತದೆ. ಬಯಲುಸೀಮೆಯ ಬಿಸಿಲಿಗೆ ಸ್ಟಿಕ್ಕರಿನ ಬಣ್ಣ ಹೋಗಿರುತ್ತದೆ, ಒಂದು ಮೂಲೆ ಕಿತ್ತು ಬಂದಿರುತ್ತದೆ, ಕೆಳಗೆ ನಂಬರ್ ಪ್ಲೇಟಿಗೆ ಕೆಂಪು ಧೂಳು ಮೆತ್ತಿರುತ್ತದೆ. ಹೊಸ ಗಾಡಿ ತಂದವರು ಹೊಸ ಫೋಟೊ ಅಂಟಿಸುತ್ತಾರೆ. ಇವರಲ್ಲಿ ಎಷ್ಟೋ ಮಂದಿ 1990ರಲ್ಲಿ ಹುಟ್ಟಿಯೇ ಇರಲಿಲ್ಲ. ಆದರೂ ಮಾತಿಗೆ ಕೂತರೆ ‘ನಮ್ ಶಂಕರಣ್ಣ’ ಎಂದೇ ಶುರು ಮಾಡುತ್ತಾರೆ, ಮೊನ್ನೆ ತಾನೇ ಮನೆಯಿಂದ ಎದ್ದು ಹೋದವರ ಬಗ್ಗೆ ಹೇಳುವಂತೆ.

‘ಅವನೇನು ನಿನ್ನ ಒಡಹುಟ್ಟಿದವನಾ?’ ಎಂದು ಕೇಳುವವರು ಎಲ್ಲ ಕಾಲದಲ್ಲೂ ಇದ್ದಾರೆ. ತೆರೆಯ ಮೇಲೆ ಕಂಡವನಿಗೆ, ಮೈದಾನದಲ್ಲಿ ಆಡಿದವನಿಗೆ ಕಣ್ಣೀರು ಹಾಕುವುದು ಅವರಿಗೆ ಹುಡುಗಾಟಿಕೆಯಂತೆ ತೋರುತ್ತದೆ. ಅದು ಹುಡುಗಾಟಿಕೆಯಲ್ಲ. 1980ರಲ್ಲಿ ಶಂಕರ್ ನಾಗ್ ಆಟೊ ಚಾಲಕನಾಗಿ ನಟಿಸಿದ ‘ಆಟೋ ರಾಜ’ ಬಂದಾಗ, ದಿನವಿಡೀ ಖಾಕಿ ತೊಟ್ಟು ಚಿಲ್ಲರೆಗಾಗಿ ಜಗಳ ಕಾಯುತ್ತಿದ್ದ ಮನುಷ್ಯ ತನ್ನಂಥವನೇ ಕಥೆಯ ನಾಯಕನಾದದ್ದನ್ನು ಕಂಡ. ತನ್ನ ಕೆಲಸಕ್ಕೆ ಮರ್ಯಾದೆ ತಂದುಕೊಟ್ಟವನನ್ನು ಅವನು ಮನೆಯವನೆಂದುಕೊಂಡ. ಆ ಋಣ ಅಪ್ಪನಿಂದ ಮಗನಿಗೆ ಗಾಡಿಯ ಜೊತೆಗೇ ಬಂದಿದೆ.

ದೂರದ ದೇಶದಲ್ಲೂ ಇದೇ ನಡೆಯುತ್ತದೆ. 2025ರ ಜುಲೈ 3ರಂದು ಸ್ಪೇನಿನ ಝಮೊರಾ ಪ್ರಾಂತ್ಯದ ಹೆದ್ದಾರಿಯಲ್ಲಿ ಕಾರು ಅಪಘಾತಕ್ಕೀಡಾಗಿ ಲಿವರ್‌ಪೂಲ್ ತಂಡದ ಪೋರ್ಚುಗೀಸ್ ಆಟಗಾರ ಡಿಯೊಗೊ ಜೋಟಾ ತೀರಿಕೊಂಡ. ಜೊತೆಗಿದ್ದ ತಮ್ಮ ಆಂಡ್ರೆ ಸಿಲ್ವಾ ಕೂಡ ಹೋದ. ಅವನೂ ಫುಟ್‌ಬಾಲ್ ಆಟಗಾರನೇ. ಜೋಟಾಗೆ 28 ವರ್ಷ, ಮೂರು ಮಕ್ಕಳು, ಮದುವೆಯಾಗಿ ಹನ್ನೊಂದೇ ದಿನ. ಆನ್‌ಫೀಲ್ಡ್ ಮೈದಾನದ ಹೊರಗೆ ಹೂವು, ಶಾಲು, ಜೆರ್ಸಿಗಳ ರಾಶಿ ಬಿತ್ತು. ಅವನು ತೊಡುತ್ತಿದ್ದ 20ನೇ ನಂಬರನ್ನು ಇನ್ನು ಯಾರಿಗೂ ಕೊಡುವುದಿಲ್ಲವೆಂದು ಕ್ಲಬ್ ತೀರ್ಮಾನಿಸಿತು. ಆಟ 20ನೇ ನಿಮಿಷಕ್ಕೆ ಬಂದರೆ ಅಭಿಮಾನಿಗಳು ಎದ್ದು ನಿಂತು ಅವನ ಹಾಡು ಹಾಡಿದರು. ಮೊಬೈಲಿನಲ್ಲಿ ಆ ದೃಶ್ಯ ನೋಡಿ ಗಂಟಲು ಕಟ್ಟಿದ ಹುಡುಗನಿಗೂ, ಶಂಕರಣ್ಣನ ಫೋಟೊಗೆ ಊದುಬತ್ತಿ ಬೆಳಗುವ ಆಟೊದವನಿಗೂ ದುಃಖ ಒಂದೇ.

ಸತ್ತವರನ್ನು ನೆನೆಯುವುದು ಈ ನೆಲಕ್ಕೆ ಹೊಸದೇನಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದಾಗ ಹೊರಬಿದ್ದದ್ದು ಬೃಹತ್ ಶಿಲಾಯುಗದ ಸಮಾಧಿಗಳು. ಸಾವಿರಾರು ವರ್ಷದ ಹಿಂದೆ ಇಲ್ಲಿನವರು ತಮ್ಮವರಿಗಾಗಿ ಬಂಡೆ ಹೊತ್ತು ತಂದು ನಿಲ್ಲಿಸಿದ್ದರು. ದನ ಕಾಯಲು ಹೋರಾಡಿ ಮಡಿದವರಿಗೆ ವೀರಗಲ್ಲು ನೆಟ್ಟದ್ದು ಆಮೇಲಿನ ಮಾತು. ವೀರಗಲ್ಲಿನಲ್ಲಿ ಸತ್ತವನ ರೂಪದ ಜೊತೆಗೆ ಅವನು ಯಾವುದಕ್ಕಾಗಿ ಸತ್ತ ಎಂಬುದನ್ನೂ ಕಡೆಯುತ್ತಿದ್ದರು. ನೋಡಿದವರಿಗೆ ಊರು ಕಾಯುವ ಕೆಲಸ ನೆನಪಾಗುತ್ತಿತ್ತು. ಆಟೊದ ಸ್ಟಿಕ್ಕರಿನಲ್ಲಿ ನಗು ಮಾತ್ರ ಉಳಿದಿದೆ. ಆ ನಗುವನ್ನು ಕಸಿದುಕೊಂಡದ್ದು ರಸ್ತೆ ಎಂಬುದು ಅಲ್ಲಿಲ್ಲ.

ಶಂಕರ್ ನಾಗ್ ಬದುಕಿದ್ದಾಗ ರಸ್ತೆಯ ಬಗ್ಗೆಯೇ ಒಂದು ಸಿನಿಮಾ ಮಾಡಿದ್ದರು ಎಂಬುದನ್ನು ಅವರ ಅಭಿಮಾನಿಗಳು ಮತ್ತೆ ನೆನೆಯಬೇಕು. 1985ರ ‘ಆಕ್ಸಿಡೆಂಟ್’ ಅದು. ಅಮಲೇರಿದ ರಾಜಕಾರಣಿಯ ಮಗ ಫುಟ್‌ಪಾತ್ ಮೇಲೆ ಮಲಗಿದ್ದ ಕೂಲಿಯವರ ಮೇಲೆ ಕಾರು ಹರಿಸುತ್ತಾನೆ, ಅಧಿಕಾರ ಅದನ್ನು ಮುಚ್ಚಿಹಾಕಲು ನೋಡುತ್ತದೆ. ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಹೆಸರಿಲ್ಲದ ಕೂಲಿಗಳ ಸಾವಿಗೂ ಲೆಕ್ಕ ಕೇಳುವವರು ಇರಬೇಕು ಎಂದು ಆ ಚಿತ್ರದಲ್ಲಿ ಹೇಳಿದವರು ಐದೇ ವರ್ಷಕ್ಕೆ ರಸ್ತೆಯಲ್ಲಿ ಪ್ರಾಣ ಬಿಟ್ಟರು.

ಈಗ ಈ ಭಾಗದ ರಸ್ತೆಗೆ ಬರೋಣ. ಬಳ್ಳಾರಿಯಿಂದ ರಾಂಪುರ, ಹಾನಗಲ್, ಚಳ್ಳಕೆರೆ ಹಾಯ್ದು ಹಿರಿಯೂರಿಗೆ ಇಳಿಯುವ 150ಎ ರಾಷ್ಟ್ರೀಯ ಹೆದ್ದಾರಿ ಹಗಲು ರಾತ್ರಿ ಲಾರಿಗಳನ್ನು ಹೊತ್ತಿರುತ್ತದೆ. ಅದೇ ರಸ್ತೆಯಲ್ಲಿ ಕುರಿ ಹಿಂಡು ದಾಟಬೇಕು, ಸೈಕಲ್ಲಿನ ಮಕ್ಕಳು ಶಾಲೆಗೆ ಹೋಗಬೇಕು. ಶೇಂಗಾ ಕೀಳುವ ದಿನಗಳಲ್ಲಿ ಹೊತ್ತು ಮೂಡುವ ಮೊದಲೇ ಹೆಣ್ಣುಮಕ್ಕಳು ಬುತ್ತಿ ಕಟ್ಟಿಕೊಂಡು ಕೂಲಿಗೆ ಹೊರಡುತ್ತಾರೆ. ಆಟೊದ ಹಿಂದಿನ ಸೀಟು ತುಂಬಿ, ಡ್ರೈವರಿನ ಎರಡೂ ಬದಿಗೆ ಒಬ್ಬೊಬ್ಬರು ಕೂತು, ಕೊನೆಗೆ ಬಂದವರು ಕಂಬಿ ಹಿಡಿದು ಹೊರಗೆ ಕಾಲು ಇಳಿಬಿಟ್ಟಿರುತ್ತಾರೆ. ಹ್ಯಾಂಡಲ್ ತಿರುಗಿಸಲು ಡ್ರೈವರಿಗೆ ಮೊಣಕೈ ಆಡಿಸುವಷ್ಟೂ ಜಾಗವಿರುವುದಿಲ್ಲ. ಹಿಂದೆ ಶಂಕರಣ್ಣ ನಗುತ್ತಿರುತ್ತಾರೆ.

2022ರ ಆಗಸ್ಟ್ 25ರಂದು ಶಿರಾ ತಾಲ್ಲೂಕಿನ ಕಳ್ಳಂಬೆಳ್ಳದ ಬಳಿ ರಾಯಚೂರು ಕಡೆಯ ಕೂಲಿಗಳನ್ನು ಬೆಂಗಳೂರಿಗೆ ಒಯ್ಯುತ್ತಿದ್ದ ಕ್ರೂಸರ್ ವಾಹನ ಲಾರಿಗೆ ಡಿಕ್ಕಿ ಹೊಡೆದು 9 ಮಂದಿ ಸತ್ತರು. ಆ ವರ್ಷ ದೇಶದ ರಸ್ತೆಗಳಲ್ಲಿ ಪ್ರಾಣ ಬಿಟ್ಟವರು 1.68 ಲಕ್ಷಕ್ಕೂ ಹೆಚ್ಚು. ಇವರ ಫೋಟೊ ಯಾವ ಗಾಡಿಯ ಮೇಲೂ ಇಲ್ಲ.

ಅಪಘಾತವಾದ ಕೂಡಲೇ ಅಲ್ಲಿಗೆ ಮೊದಲು ಬರುವವರು ಯಾರು? ಬಹುಪಾಲು ಹತ್ತಿರದ ಆಟೊದವರು, ಹೋಟೆಲಿನವರು, ಹೊಲದಲ್ಲಿದ್ದವರು. ಅವರನ್ನು ತಡೆಯುವುದು ಹಳೆಯ ಭಯ. ‘ಎತ್ಕೊಂಡು ಹೋದ್ರೆ ನಾಳೆ ಸ್ಟೇಷನ್ನು, ಕೋರ್ಟು ಅಂತ ಅಲೆಯೋರು ಯಾರು?’ ಈ ಭಯಕ್ಕೆ ಈಗ ಕಾರಣವಿಲ್ಲ. ಗಾಯಾಳುಗಳಿಗೆ ನೆರವಾದವರನ್ನು ಕಾಡಬಾರದೆಂಬ ಮಾರ್ಗಸೂಚಿಗೆ 2016ರಲ್ಲಿ ಸುಪ್ರೀಂ ಕೋರ್ಟ್ ಕಾನೂನಿನ ಬಲ ಕೊಟ್ಟಿತು. ಕರ್ನಾಟಕ ತನ್ನದೇ ಕಾಯ್ದೆಯನ್ನೂ ಮಾಡಿಕೊಂಡಿತು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 134ಎ ಕಲಮು, ಒಳ್ಳೆಯ ಮನಸ್ಸಿನಿಂದ ಕಾಪಾಡಲು ಹೋದವರ ಮೇಲೆ ಕೇಸು ಹಾಕುವಂತಿಲ್ಲ ಎನ್ನುತ್ತದೆ; ಹೆಸರು ಹೇಳೆಂದು ಬಲವಂತ ಮಾಡುವಂತಿಲ್ಲ ಎನ್ನುತ್ತವೆ ಅದರಡಿಯ ನಿಯಮಗಳು. ಗಂಭೀರವಾಗಿ ಗಾಯಗೊಂಡವರನ್ನು ಮೊದಲ ಒಂದು ಗಂಟೆಯೊಳಗೆ ಆಸ್ಪತ್ರೆಗೆ ಮುಟ್ಟಿಸಿದವರಿಗೆ ಕೇಂದ್ರ ಸರ್ಕಾರ ಕೊಡುವ ಬಹುಮಾನ 5,000 ರೂಪಾಯಿ ಇದ್ದದ್ದು 2025ರಲ್ಲಿ 25,000 ಆಗಿದೆ. ಇಷ್ಟೆಲ್ಲ ಕಾಗದದಲ್ಲಿದೆ, ಆಟೊ ಸ್ಟ್ಯಾಂಡಿಗೆ ಬಂದಿಲ್ಲ.

ಅಭಿಮಾನಿಗಳ ದುಃಖವೇ ಅದನ್ನು ಅಲ್ಲಿಗೆ ತರಬಲ್ಲದು. ಹಾಗೆ ಆದದ್ದನ್ನು ನಾಡು ಕಣ್ಣಾರೆ ಕಂಡಿದೆ. 2021ರ ಅಕ್ಟೋಬರ್ 29ರಂದು ನಟ ‘ಅಪ್ಪು’ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳು ನಾಲ್ವರಿಗೆ ಬೆಳಕು ಕೊಟ್ಟವು. ಆಮೇಲೆ ಹಳ್ಳಿಹಳ್ಳಿಯ ಅಭಿಮಾನಿಗಳು ನೇತ್ರದಾನಕ್ಕೆ ಹೆಸರು ಬರೆಸಲು ಸಾಲು ನಿಂತರು. ಅದೇ ವರ್ಷದ ಜೂನ್‌ನಲ್ಲಿ ಬೈಕ್ ಅಪಘಾತದಲ್ಲಿ ಹೋದ ನಟ ಸಂಚಾರಿ ವಿಜಯ್ ಅವರ ಅಂಗಾಂಗಗಳು ಬೇರೆಯವರ ಜೀವ ಉಳಿಸಿದವು. ಯಾವ ಸರ್ಕಾರಿ ಜಾಹೀರಾತೂ ಒಪ್ಪಿಸಲಾಗದ್ದನ್ನು ಅಪ್ಪುವಿನ ಮೇಲಿನ ಪ್ರೀತಿ ಒಪ್ಪಿಸಿತು.

ಆದ್ದರಿಂದ ಚಳ್ಳಕೆರೆ, ಮೊಳಕಾಲ್ಮೂರಿನ ಆಟೊ ಚಾಲಕರು ಸೆಪ್ಟೆಂಬರ್ 30ರಂದು ಒಂದು ಗಂಟೆ ಎತ್ತಿಡಬೇಕು. ಹಾರ, ಅನ್ನಸಂತರ್ಪಣೆ ಇರಲಿ. ಅದರ ಜೊತೆಗೆ ತಾಲ್ಲೂಕು ಆಸ್ಪತ್ರೆಯವರನ್ನು ಸ್ಟ್ಯಾಂಡಿಗೇ ಕರೆಸಿ, ರಕ್ತ ಸುರಿಯುವ ಕಡೆ ಬಟ್ಟೆ ಒತ್ತಿ ಹಿಡಿಯುವುದು ಹೇಗೆ, ಕುತ್ತಿಗೆ, ಬೆನ್ನು ಅಲುಗದಂತೆ ಎತ್ತುವುದು ಹೇಗೆ, ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಯಾಕೆ ಹಾಕಬಾರದು ಎಂಬುದನ್ನು ಕಲಿಯಬೇಕು. 134ಎ ಕಲಮನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಸ್ಟ್ಯಾಂಡಿನ ಬೋರ್ಡಿನ ಮೇಲೆ ಬರೆಸಬೇಕು. ಎಷ್ಟು ಜನರನ್ನು ಹತ್ತಿಸಬೇಕು ಎಂಬುದನ್ನೂ ಅಂದೇ ತಮ್ಮೊಳಗೆ ಗೊತ್ತು ಮಾಡಿಕೊಳ್ಳಬೇಕು.

ಹೊರೆಯನ್ನೆಲ್ಲ ಚಾಲಕರ ತಲೆಗೇ ಕಟ್ಟುವುದೂ ನ್ಯಾಯವಲ್ಲ. ಕೂಲಿಯವರು ಕಂಬಿ ಹಿಡಿದು ನೇತಾಡುವುದು ಶೋಕಿಗಲ್ಲ. ಆ ಹೊತ್ತಿಗೆ ಅವರ ಹೊಲದ ದಾರಿಗೆ ಬಸ್ಸಿಲ್ಲ, ಇನ್ನೊಂದು ಗಾಡಿಗೆ ಕೊಡಲು ಕೂಲಿಯ ದುಡ್ಡಿನಲ್ಲಿ ಮಿಗುವುದಿಲ್ಲ. ಸುಗ್ಗಿಯ ತಿಂಗಳುಗಳಲ್ಲಾದರೂ ಬೆಳಗಿನ ಬಸ್ಸು ಬಿಡುವುದು, ಊರ ಕ್ರಾಸುಗಳಲ್ಲಿ ದೀಪ ಹಾಕಿಸುವುದು ಜಿಲ್ಲಾಡಳಿತದ ಕೆಲಸ.

ಸೆಪ್ಟೆಂಬರ್ 30 ಕಳೆದರೆ ಶೇಂಗಾ ಕೀಳುವ ದಿನಗಳು ದೂರವಿಲ್ಲ. ನಸುಕಿನಲ್ಲಿ ಆಟೊ ಹೊರಟಾಗ ಡ್ರೈವರಿನ ಎರಡೂ ಬದಿ ಖಾಲಿಯಿರಲಿ, ಸೀಟಿನ ಕೆಳಗೊಂದು ಶುಭ್ರವಾದ ಬಟ್ಟೆ, ಬ್ಯಾಂಡೇಜಿನ ಡಬ್ಬಿ ಇರಲಿ, ಹಿಂದೆ ಶಂಕರಣ್ಣನ ಫೋಟೊದ ಪಕ್ಕದಲ್ಲೇ ಆಂಬುಲೆನ್ಸಿನ 108 ಎಂಬ ಮೂರು ಅಂಕಿ ಎದ್ದು ಕಾಣಲಿ.