ಸಫ್ಫ್‌ನಲ್ಲಿ ಸಮಾನತೆ, ಸಂಬಂಧದಲ್ಲಿ ಭೇದ

ವರ್ಣಭೇದದ ಮಾತು ಬಂದಾಗಲೆಲ್ಲ ನಮ್ಮ ವೇದಿಕೆಗಳಲ್ಲಿ ಒಂದು ಸಿದ್ಧ ಉತ್ತರವಿದೆ: ಇಸ್ಲಾಮಿನಲ್ಲಿ ವರ್ಣಭೇದವಿಲ್ಲ, ಹಝ್ರತ್ ಬಿಲಾಲ್(ರ)ರನ್ನು ನೋಡಿ. ಉತ್ತರ ಸತ್ಯವೇ. ಆದರೆ ಇಸ್ಲಾಮಿನಲ್ಲಿ ಇಲ್ಲದ್ದು ಮುಸ್ಲಿಮರಲ್ಲಿಯೂ ಇಲ್ಲವೆಂದು ನಂಬಿಸಲು ಅದನ್ನು ಬಳಸುವುದು ಆತ್ಮವಂಚನೆ. ಬಿಲಾಲರ ಹೆಸರು ನಮ್ಮ ಪಾಲಿಗೆ ಹೆಮ್ಮೆಯಾಗಿ ಉಳಿದಿದೆ, ಹೊಣೆಯಾಗಿ ಉಳಿದಿಲ್ಲ.

ಪವಿತ್ರ ಕುರ್‌ಆನ್‌ನ ಅಲ್ ಹುಜುರಾತ್ ಅಧ್ಯಾಯದ 13ನೆಯ ಸೂಕ್ತವು ಜನಾಂಗ, ಗೋತ್ರಗಳನ್ನು ಪರಸ್ಪರ ಪರಿಚಯಕ್ಕೆ ಸೀಮಿತಗೊಳಿಸಿ, ಶ್ರೇಷ್ಠತೆಯ ಮಾನದಂಡವನ್ನು ಧರ್ಮನಿಷ್ಠೆಯಲ್ಲಿ ಮಾತ್ರ ಇರಿಸಿತು. ಆದರೂ ಆದಿಕಾಲದ ವಿಶ್ವಾಸಿಗಳಲ್ಲೊಬ್ಬರಾದ ಅಬೂದರ್ರ್(ರ)ರು ಒಬ್ಬ ವ್ಯಕ್ತಿಯನ್ನು ಅವನ ತಾಯಿಯ ಮೂಲವನ್ನೆತ್ತಿ ಹೀಯಾಳಿಸಿದಾಗ, ಅವರಲ್ಲಿ ಇನ್ನೂ ಅಜ್ಞಾನಕಾಲದ ಅಂಶ ಉಳಿದಿದೆಯೆಂದು ಪ್ರವಾದಿ(ಸ)ರು ಎಚ್ಚರಿಸಿದರೆಂದು ಸಹೀಹ್ ಬುಖಾರಿಯಲ್ಲಿದೆ. ಈಮಾನ್ ಇರುವ ಹೃದಯದಲ್ಲಿಯೂ ಜಾಹಿಲಿಯ್ಯತ್ ಅಡಗಿರಬಹುದು ಎಂಬುದೇ ಇದರ ಪಾಠ. ಅಂಥ ಸಹಾಬಿಗೆ ಆ ಎಚ್ಚರಿಕೆ ಬೇಕಾಗಿದ್ದರೆ, ನಮಗೆ ಬೇಡವೇ?

ನಮ್ಮ ನಾಡಿನಲ್ಲಿಯೇ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡುಗಳಲ್ಲಿ ಆಫ್ರಿಕಾ ಮೂಲದ ಸಿದ್ದಿ ಜನರಿದ್ದಾರೆ. ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಬಂದು, ಗೋವೆಯಿಂದ ತಪ್ಪಿಸಿಕೊಂಡು ಕಾಡು ಸೇರಿದವರ ಸಂತತಿಯೂ ಇವರಲ್ಲಿದೆ. ಇವರಲ್ಲಿ ಹಿಂದೂಗಳೂ ಕ್ರೈಸ್ತರೂ ಮುಸ್ಲಿಮರೂ ಇದ್ದಾರೆ. 2003ರಲ್ಲಿ ಸರಕಾರ ಇವರನ್ನು ಪರಿಶಿಷ್ಟ ಪಂಗಡವೆಂದು ಗುರುತಿಸಿತು. ನಾವು ಗುರುತಿಸಿದ್ದು ಯಾವಾಗ? ದಖ್ಖನಿನ ಇತಿಹಾಸದಲ್ಲಿ ಹಬಶಿ ಮೂಲದ ಮಲಿಕ್ ಅಂಬರನನ್ನು ಕೊಂಡಾಡುವ ನಾವು, ಅದೇ ಖಂಡದಿಂದ ಬಂದ ಕೂಲಿಕಾರನ ಮಗುವಿನ ಗುಂಗುರು ಕೂದಲನ್ನು ಕಂಡು ನಗುವವರನ್ನು ತಡೆಯುತ್ತೇವೆಯೇ? 2016ರಲ್ಲಿ ಬೆಂಗಳೂರಿನಲ್ಲಿ, ಬೇರೊಬ್ಬ ಆಫ್ರಿಕನ್ನನ ಕಾರು ಮಾಡಿದ ಅಪಘಾತಕ್ಕೆ ಟಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳ ಮೇಲೆ ಗುಂಪು ಕೈಮಾಡಿತು. ಮುಖವನ್ನು ಕಾಣದೆ ಬಣ್ಣವನ್ನಷ್ಟೇ ಕಾಣುವ ಕಣ್ಣುಗಳು ರೂಪುಗೊಳ್ಳುವುದು ಇಂಥ ನಗೆಯಲ್ಲಿಯೇ.

ಮಸೀದಿಯ ಸಫ್ಫ್‌ನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುವುದು ಸುಲಭ. ನಿಜವಾದ ಪರೀಕ್ಷೆ ನಿಕಾಹ್‌ನ ಮಾತುಕತೆಯಲ್ಲಿದೆ. ವಧುವಿನ ದೀನ್‌ಗಿಂತ ಮೊದಲು ಬಣ್ಣ ವಿಚಾರಿಸುವವರು ಸರಿಜೋಡಿಯ ನೆಪ ಹೇಳುತ್ತಾರೆ. ಖುರೈಷ್ ಮನೆತನದ ಫಾತಿಮಾ ಬಿಂತ್ ಖೈಸ್(ರ)ರಿಗೆ ಪ್ರವಾದಿ(ಸ)ರು ಸೂಚಿಸಿದ ವರನಾರು? ವಿಮೋಚಿತ ಗುಲಾಮ ಝೈದ್(ರ) ಮತ್ತು ಹಬಶಿ ಮೂಲದ ಉಮ್ಮು ಐಮನ್(ರ)ರ ಪುತ್ರ ಉಸಾಮಾ(ರ). ಮೊದಲು ಹಿಂಜರಿದ ಆಕೆ ಒಪ್ಪಿ, ಆ ದಾಂಪತ್ಯದಲ್ಲಿ ಒಳಿತನ್ನೇ ಕಂಡರು. ಈ ಹದೀಸ್ ನಮ್ಮ ಸಂಬಂಧ ಹುಡುಕುವವರ ಕಿವಿಗೆ ಬೀಳಬೇಕು.

ಆದ್ದರಿಂದ ನಾವು ಕೇಳುವುದಿಷ್ಟೆ. ಜಮಾಅತ್ ಸಮಿತಿಗಳಲ್ಲಿ ಮನೆತನ ನೋಡಿ ಸ್ಥಾನ ಹಂಚುವುದು ನಿಲ್ಲಲಿ. ಮದ್ರಸಾದಲ್ಲಿ ಬಣ್ಣ ಹಿಡಿದು ಅಡ್ಡಹೆಸರಿಡುವುದನ್ನು ಉಸ್ತಾದರು ತಮಾಷೆಯೆಂದು ಬಿಡದಿರಲಿ. ಖತೀಬರು ಬಿಲಾಲರ ಅಝಾನಿನ ಜೊತೆಗೆ ಅಬೂದರ್ರ್‌ರಿಗೆ ಸಿಕ್ಕ ಎಚ್ಚರಿಕೆಯನ್ನೂ ಮಿಂಬರಿನಿಂದ ಕೇಳಿಸಲಿ. ತಾಯಂದಿರು ಹೆಣ್ಣುಮಕ್ಕಳ ಕೈಗೆ ಬಿಳುಪಿನ ಕ್ರೀಮು ಕೊಡುವ ಮುನ್ನ, ಆ ಬಣ್ಣವನ್ನು ಕೊಟ್ಟವನು ಯಾರೆಂದು ನೆನೆಯಲಿ. ಅಲ್ಲಾಹನ ಸೃಷ್ಟಿಯಲ್ಲಿ ಕುಂದು ಹುಡುಕುವ ನಾಲಿಗೆ, ಅವನ ಹೊಗಳಿಕೆಯನ್ನು ಯಾವ ಮುಖದಿಂದ ಹಾಡೀತು?