ಜೇನುತುಪ್ಪವನ್ನು ಕೊಳ್ಳುವ ಬಗೆ

ಸಂಸ್ಕೃತದಲ್ಲಿ ‘ಮಧು’ ಎಂಬ ಶಬ್ದಕ್ಕೆ ಜೇನೆಂದೂ ಅರ್ಥವುಂಟು, ಮದ್ಯವೆಂದೂ ಅರ್ಥವುಂಟು. ಪ್ರಕರಣವನ್ನು ನೋಡಿ ಅರ್ಥವನ್ನು ನಿಶ್ಚಯಿಸಬೇಕೆಂದು ನಾವು ಪಾಠಶಾಲೆಯಲ್ಲಿ ಬಾಲಕರಿಗೆ ಹೇಳುತ್ತಿದ್ದೆವು. ಈಗ ಪೇಟೆಯಲ್ಲಿ ಆ ಶಬ್ದಕ್ಕೆ ಸಕ್ಕರೆಯ ಪಾಕವೆಂಬ ಮೂರನೆಯ ಅರ್ಥವೂ ಹುಟ್ಟಿಕೊಂಡಿದೆ. ಯಾವ ಕೋಶಕಾರನೂ ಇದನ್ನು ಬರೆದಿಲ್ಲವಾದರೂ ಸೀಸೆಗಳಲ್ಲಿ ಇದರ ಪ್ರಯೋಗ ಧಾರಾಳವಾಗಿದೆ. ಆದುದರಿಂದ ಜೇನನ್ನು ಧೈರ್ಯವಾಗಿ ಕೊಳ್ಳುವುದು ಹೇಗೆಂಬ ವಿಷಯವಾಗಿ ಈ ತಿಂಗಳು ವಾಚಕರೊಡನೆ ನಾಲ್ಕು ಮಾತನ್ನಾಡಬೇಕೆಂದಿದ್ದೇವೆ.

ಮೊದಲು ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳುವುದು ನ್ಯಾಯ. ಮಲೆನಾಡಿನಲ್ಲಿ ತೋಟ ಮಾಡಿಕೊಂಡಿರುವ ನಮ್ಮ ಹಳೆಯ ಶಿಷ್ಯನೊಬ್ಬನು ಕೆಲವು ವರ್ಷಗಳ ಹಿಂದೆ ತನ್ನ ಪೆಟ್ಟಿಗೆಯ ಜೇನನ್ನು ಎರಡು ಸೀಸೆ ತುಂಬಿಸಿ ತಂದುಕೊಟ್ಟನು. ಮಾಗಿಯ ಚಳಿಯಲ್ಲಿ ಅದು ಗಟ್ಟಿಯಾಗಿ, ತಳದಲ್ಲಿ ಸಕ್ಕರೆಯಂಥ ಹರಳು ಕಾಣಿಸಿತು. ಶಿಷ್ಯನೇ ಗುರುವಿಗೆ ಸಕ್ಕರೆ ಬೆರೆಸಿ ಕೊಟ್ಟನಲ್ಲಾ ಎಂದು ನೊಂದು, ಅದನ್ನು ತೆಂಗಿನ ಬುಡಕ್ಕೆ ಸುರಿಸಿಬಿಟ್ಟೆವು. ಅದೇ ವೇಳೆಗೆ ಒಬ್ಬನು ಬಕೀಟಿನಲ್ಲಿ ಎರಿಯ ತುಂಡನ್ನು ತೇಲಬಿಟ್ಟುಕೊಂಡು ಬೀದಿಯಲ್ಲಿ ಜೇನು ಮಾರುತ್ತ ಬಂದನು. ಲೋಟದ ನೀರಿನಲ್ಲಿ ಅವನ ಜೇನು ಕರಗದೆ ತಳಸೇರಿತು. ಅದರಲ್ಲಿ ಅದ್ದಿದ ಬತ್ತಿ ಹತ್ತಿಕೊಂಡು ಉರಿಯಿತು. ಎರಡು ಪರೀಕ್ಷೆಯಲ್ಲಿಯೂ ತೇರ್ಗಡೆಯಾಯಿತೆಂದು ಹಿಗ್ಗಿ ಕೊಂಡೆವು.

ಮುಂದೆ ಆ ಶಿಷ್ಯನು ಬಂದಾಗ ನಮ್ಮ ಮಾತಿನಲ್ಲಿ ಮೊದಲಿನ ಪ್ರೀತಿ ಇರಲಿಲ್ಲ. ಕಾರಣವನ್ನು ಕೇಳಿ ತಿಳಿದು ಅವನು ಬಕೀಟಿನವನ ಜೇನನ್ನು ಬೆರಳಿಗೆ ಹಚ್ಚಿ ಮೂಸಿದನು. “ಗುರುಗಳೇ, ಇದು ಕಾಯಿಸಿದ ಬೆಲ್ಲದ ವಾಸನೆ. ತಾವು ಸುರಿಸಿದ್ದೇ ಜೇನು” ಎಂದು ತಲೆತಗ್ಗಿಸಿ ಹೇಳಿದನು. ತಗ್ಗಿಸಬೇಕಾಗಿದ್ದ ತಲೆ ನಮ್ಮದು.

ಆ ಮೇಲೆ ನಾವು ಈ ವಿಷಯವನ್ನು ಓದಿ, ಕೇಳಿ ತಿಳಿದುಕೊಂಡೆವು. ಜೇನಿನಲ್ಲಿ ನೂರಕ್ಕೆ ಸುಮಾರು 80 ಪಾಲು ಸಕ್ಕರೆಗಳೇ. ಉಳಿದುದರಲ್ಲಿ ಬಹುಪಾಲು ನೀರು. ಆ ಸಕ್ಕರೆಗಳಲ್ಲಿ ಗ್ಲೂಕೋಸೆಂಬುದು ಚಳಿಗೆ ಹರಳಾಗುವುದು ಸಹಜ. ಹೂವಿನ ಜಾತಿಗೆ ತಕ್ಕಂತೆ ಒಂದು ಜೇನು ಬೇಗ ಹರಳಾಗುವುದು, ಮತ್ತೊಂದು ತಡವಾಗಿ. ಇದು ಕಲಬೆರಕೆಯ ಗುರುತಲ್ಲ. ಸೀಸೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಇರಿಸಿದರೆ ಮೊದಲಿನಂತಾಗುವುದು. ಒಲೆಯ ಮೇಲೆ ಮಾತ್ರ ಕಾಯಿಸಕೂಡದು. ಜೇನನ್ನು ಕಾಯಿಸಬಾರದೆಂದು ನಮ್ಮ ಆಯುರ್ವೇದವೂ ನಿಷೇಧಿಸಿದೆ.

ಇನ್ನು ನೀರಿನ ಲೋಟ, ಉರಿಯುವ ಬತ್ತಿ, ಇರುವೆ ಇವುಗಳ ಪರೀಕ್ಷೆ. ಮಂದವಾದ ಸಕ್ಕರೆಯ ಪಾಕವೂ ನೀರಿನಲ್ಲಿ ತಳಸೇರುವುದು. ಮಳೆನಾಡಿನ ತುಡುವೆ ಜೇನು ಅಪ್ಪಟವಾಗಿದ್ದರೂ ನೀರಿನಂಶ ಹೆಚ್ಚಾಗಿದ್ದರೆ ಬೇಗ ಕರಗುವುದು. ಅದರಲ್ಲಿ ಅದ್ದಿದ ಬತ್ತಿ ಚಟಪಟಗುಟ್ಟುವುದು. ಇರುವೆಗಳಂತೂ ಎರಡನ್ನೂ ಬಿಡವು. ಹೀಗೆ ಈ ಪರೀಕ್ಷೆಗಳು ಕಳ್ಳನನ್ನು ಬಿಟ್ಟು ಸಾಧುವನ್ನು ಹಿಡಿಯುವಂಥವು.

ಮನೆಯ ಪರೀಕ್ಷೆಗಳಿರಲಿ, ಪ್ರಯೋಗಶಾಲೆಗಳೂ ಮೋಸಹೋಗುವುದುಂಟು. 2020ನೆಯ ಡಿಸೆಂಬರಿನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 13 ಹೆಸರುಗಳ ಜೇನನ್ನು ಪರೀಕ್ಷಿಸಿದ ವರದಿಯನ್ನು ಪ್ರಕಟಿಸಿತು. ಜರ್ಮನಿಯಲ್ಲಿ ನಡೆಸಿದ ಸೂಕ್ಷ್ಮಪರೀಕ್ಷೆಯಲ್ಲಿ ಅವುಗಳ ಪೈಕಿ 10 ತೇರ್ಗಡೆಯಾಗಲಿಲ್ಲ. ಸಾಮಾನ್ಯ ಪರೀಕ್ಷೆಗಳ ಕಣ್ಣು ತಪ್ಪಿಸುವಂತೆಯೇ ಪಾಕಗಳನ್ನು ತಯಾರಿಸುತ್ತಾರೆಂಬುದು ಆ ವರದಿಯ ಸಾರ. ಕೆಲವು ವ್ಯಾಪಾರ ಸಂಸ್ಥೆಗಳು ಇದನ್ನು ಒಪ್ಪಲಿಲ್ಲ.

ಹಾಗಾದರೆ ಗೃಹಸ್ಥನು ಮಾಡತಕ್ಕದ್ದೇನು? ವಸ್ತುವನ್ನು ಪರೀಕ್ಷಿಸುವುದಕ್ಕೆ ಮುಂಚೆ ಅದು ಬಂದ ದಾರಿಯನ್ನು ವಿಚಾರಿಸಬೇಕು. ಇದು ಯಾವ ಊರಿನದು, ಯಾವ ಹುಳುವಿನದು, ಯಾವ ತಿಂಗಳಲ್ಲಿ ತೆಗೆದದ್ದು ಎಂದು ಕೇಳಿರಿ. ಜೇನು ಸಾಕುವವನು ಸಂತೋಷದಿಂದ ಉತ್ತರ ಹೇಳುವನು. ಪಾಕ ಕಾಯಿಸುವವನು ಬೆಲೆಯನ್ನು ಇಳಿಸುವನು. ಕೊಡಗು, ಶಿರಸಿ, ಸಿದ್ದಾಪುರಗಳ ಕಡೆ ಪೆಟ್ಟಿಗೆಯಲ್ಲಿ ತುಡುವೆ ಸಾಕುವವರು ಇಂದಿಗೂ ಇದ್ದಾರೆ. ಸಾಧ್ಯವಾದರೆ ಅಂಥವರಿಂದಲೋ ಅವರ ಸಹಕಾರ ಸಂಘಗಳಿಂದಲೋ ಕೊಳ್ಳಿರಿ. ಅಂಗಡಿಯಲ್ಲಿ ಕೊಳ್ಳುವುದಾದರೆ ಸೀಸೆಯ ಮೇಲೆ ತುಂಬಿದವರ ಪೂರ್ಣ ವಿಳಾಸ, ತುಂಬಿದ ದಿನ, ಆಹಾರ ಸುರಕ್ಷಾ ಪ್ರಾಧಿಕಾರದ 14 ಅಂಕಿಯ ಪರವಾನಗಿ, ಸಾಧ್ಯವಾದರೆ ಅಗ್‌ಮಾರ್ಕ್ ಮುದ್ರೆ, ಇವುಗಳನ್ನು ನೋಡಿರಿ. ಇವು ಪರಿಶುದ್ಧಿಗೆ ಸಾಕ್ಷಿಯಲ್ಲ. ಆದರೆ ದೂರು ಹೇಳಬೇಕಾದಾಗ ಹಿಡಿಯಲು ಒಂದು ತುದಿ. ಮೊದಲು ಸ್ವಲ್ಪವೇ ಕೊಳ್ಳಿರಿ. ನೊರೆಯೆದ್ದು ಹುಳಿ ವಾಸನೆ ಬಂದರೆ ಅದು ಪಕ್ವವಾಗದ ಜೇನೆಂದು ತಿಳಿಯಿರಿ. ಹುಳುಗಳು ಮೇಣದಿಂದ ಮುಚ್ಚಿದ ಎರಿಯ ಜೇನೇ ಪಕ್ವವಾದುದು. ಮನೆಯಲ್ಲಿ ಗಾಜಿನ ಭರಣಿಯಲ್ಲಿಟ್ಟು, ಒದ್ದೆಯ ಚಮಚವನ್ನು ಅದ್ದದಿದ್ದರೆ ಅದು ಬಹುಕಾಲ ಕೆಡದು.

ಕೊನೆಯ ಮಾತನ್ನು ಗೃಹಿಣಿಯರು ವಿಶೇಷವಾಗಿ ಲಕ್ಷ್ಯದಲ್ಲಿಡಬೇಕು. ಜೇನು ಎಷ್ಟೇ ಶುದ್ಧವಾಗಿದ್ದರೂ ಒಂದು ವರ್ಷ ತುಂಬದ ಕೂಸಿಗೆ ಅದನ್ನು ನೆಕ್ಕಿಸಕೂಡದು. ಅದರಲ್ಲಿ ಬಾಟ್ಯುಲಿಸಂ ಎಂಬ ರೋಗದ ಬೀಜಾಣುಗಳು ಇರಬಹುದು. ದೊಡ್ಡವರ ಕರುಳು ಅವನ್ನು ಬೆಳೆಯಗೊಡದು. ಎಳೆಯ ಕರುಳಿನಲ್ಲಿ ಅವು ಬೆಳೆದು ವಿಷವನ್ನು ಹುಟ್ಟಿಸಿ, ಕೂಸಿನ ಅಂಗಾಂಗಗಳನ್ನು ಸಡಿಲಗೊಳಿಸಿ, ಉಸಿರಾಟಕ್ಕೂ ಅಪಾಯ ತರುತ್ತವೆ. ಶಿಶುಗಳ ಈ ರೋಗವನ್ನು ವೈದ್ಯರು 1976ರಲ್ಲಿ ಗುರುತಿಸಿದರು.

ನಮ್ಮ ಮೊಮ್ಮಗಳು ಹುಟ್ಟಿದಾಗ ಜಾತಕರ್ಮಕ್ಕೆಂದು ತುಪ್ಪವನ್ನೂ ಜೇನನ್ನೂ ಚಿನ್ನದುಂಗುರವನ್ನೂ ಸಿದ್ಧಮಾಡಿಕೊಂಡು ಹೋದ ನಮ್ಮನ್ನು ವೈದ್ಯೆಯು ಬಾಗಿಲಲ್ಲಿಯೇ ತಡೆದಳು. ಶಾಸ್ತ್ರವನ್ನು ಓದಿದವರಿಗೆ ಇವಳೇನು ಹೇಳುವುದೆಂದು ಒಂದು ಗಳಿಗೆ ಕೋಪ ಬಂದುದು ನಿಜ. ಆದರೆ ಆ ಕರ್ಮದ ಉದ್ದೇಶವೇನು? ಕೂಸು ದೀರ್ಘಾಯುವಾಗಲೆಂಬುದಲ್ಲವೆ? ಆಯುಸ್ಸಿಗೆ ಕುಂದು ತರಬಹುದಾದುದನ್ನು ಆಯುಸ್ಸಿನ ಹೆಸರಿನಲ್ಲಿ ಕೊಡುವುದು ಯಾವ ಶಾಸ್ತ್ರ? ಮಂತ್ರವನ್ನು ಹೇಳಿದೆವು, ಜೇನು ಸೀಸೆಯಲ್ಲಿಯೇ ಉಳಿಯಿತು.

ಆ ಸೀಸೆ ನಮ್ಮ ಶಿಷ್ಯನೇ ಮತ್ತೆ ತಂದುಕೊಟ್ಟದ್ದು. ಮೊಮ್ಮಗಳಿಗೆ ವರ್ಷ ತುಂಬಿದ ಮೇಲೆ ಅದರಿಂದ ಒಂದು ಹನಿಯನ್ನು ಅವಳ ನಾಲಗೆಗೆ ಮುಟ್ಟಿಸಿದೆವು. ಅಷ್ಟರಲ್ಲಿ ಅದರ ತಳದಲ್ಲಿ ಹರಳು ಕಟ್ಟಿತ್ತು. ಈ ಸಲ ನಾವು ಅನುಮಾನಪಡಲಿಲ್ಲ.