ಉಂಗುರಕ್ಕೆ ಚಾರ್ಜ್ ಹಾಕುವ ಹೊತ್ತು

ಮೊಬೈಲಿಗೆ ಯಾವಾಗ ಚಾರ್ಜ್ ಹಾಕಬೇಕೆಂದು ನಾವು ಯಾರೂ ಯೋಚಿಸಿ ತೀರ್ಮಾನಿಸಿದವರಲ್ಲ. ನಾವು ಮಲಗಿದಾಗ ಅದಕ್ಕೂ ಬಿಡುವು. ರಾತ್ರಿ ಸಿಕ್ಕಿಸಿದರೆ ಬೆಳಿಗ್ಗೆ ತುಂಬಿರುತ್ತದೆ. ಸ್ಮಾರ್ಟ್ ಉಂಗುರಕ್ಕೆ ಈ ಬಿಡುವಿಲ್ಲ. ನಿದ್ದೆಯ ಹೊತ್ತಿನ ಹೃದಯ ಬಡಿತ, ಮೈಶಾಖ, ರಕ್ತದಲ್ಲಿನ ಆಮ್ಲಜನಕ ಇವನ್ನು ಅಳೆಯುವುದೇ ಅದರ ಮುಖ್ಯ ಕೆಲಸವಾದ್ದರಿಂದ, ನಾವು ಕಣ್ಣು ಮುಚ್ಚಿದ ಮೇಲೆ ಅದರ ಪಾಳಿ ಶುರುವಾಗುತ್ತದೆ. ಹಗಲಿನಲ್ಲಿ ನಡಿಗೆ, ವ್ಯಾಯಾಮಗಳ ಲೆಕ್ಕ ಬೇರೆ. ಬೆರಳಿನಿಂದ ಕಳಚಲು ಹೊತ್ತೇ ಇಲ್ಲದ ಈ ಸಾಧನಕ್ಕೆ ಫಿನ್ಲೆಂಡಿನ ಔರಾ, ಕೊರಿಯಾದ ಸ್ಯಾಮ್‌ಸಂಗ್, ನಮ್ಮ ಬೆಂಗಳೂರಿನ ಅಲ್ಟ್ರಾಹ್ಯೂಮನ್ ಎಲ್ಲರೂ ಕಂಡುಕೊಂಡ ಪರಿಹಾರ ಒಂದೇ: ಒಮ್ಮೆ ತುಂಬಿಸಿದರೆ ಹೆಚ್ಚು ದಿನ ಬಾಳಬೇಕು. ಆರು ದಿನ, ಏಳು ದಿನ, ಎಂಟು ದಿನ ಎಂದು ಪೈಪೋಟಿ ನಡೆದಿದೆ. ಉಂಗುರದ ವಿನ್ಯಾಸ ಇಲ್ಲಿಯೇ ದಾರಿ ತಪ್ಪುತ್ತಿದೆ ಎಂದು ನನಗನ್ನಿಸುತ್ತದೆ. ಬೇಕಾಗಿರುವುದು ಹೆಚ್ಚು ದಿನಗಳಲ್ಲ, ಚಾರ್ಜ್ ಹಾಕಲು ದಿನದಲ್ಲೊಂದು ಖಚಿತವಾದ ಹೊತ್ತು.

ಮೊದಲು ಜಾಗದ ಮಾತು. 2024ರಲ್ಲಿ ಬಂದ ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ರಿಂಗ್‌ನ ಅಗಲ 7 ಮಿಲಿಮೀಟರ್, ದಪ್ಪ 2.6 ಮಿಲಿಮೀಟರ್. ಆ ದಪ್ಪದೊಳಗೆ ಟೈಟಾನಿಯಂ ಕವಚ, ಸೆನ್ಸರ್‌ಗಳು, ಚಾರ್ಜಿಂಗ್ ಸುರುಳಿ ಎಲ್ಲ ಕೂತು ಉಳಿದ ಜಾಗ ಬ್ಯಾಟರಿಗೆ. ಅದು ಬೆರಳಿನ ಬಾಗಿಗೆ ತಕ್ಕಂತೆ ಬಾಗಿದ ಒಂದು ಚೂರು. ಉಂಗುರದ ಅಳತೆಯನ್ನು ಅನುಸರಿಸಿ ಅದರ ಸಾಮರ್ಥ್ಯ 18ರಿಂದ 23.5 ಎಂಎಎಚ್ (ಮಿಲಿಆಂಪ್-ಗಂಟೆ). ಇಂದಿನ ಸಾಮಾನ್ಯ ಮೊಬೈಲಿನಲ್ಲಿ 5000 ಇರುತ್ತದೆ. 20 ಎಂಎಎಚ್ ಏಳು ದಿನ ಬಾಳಬೇಕಾದರೆ ಉಂಗುರ ಸರಾಸರಿ 0.12 ಮಿಲಿಆಂಪ್‌ನಲ್ಲಿ ಬದುಕಬೇಕು. ಎಂಜಿನಿಯರುಗಳು ಇಷ್ಟನ್ನು ಸಾಧಿಸಿರುವುದೇ ದೊಡ್ಡದು. ಇನ್ನೆರಡು ದಿನ ಬೇಕೆಂದರೆ ಉಂಗುರ ದಪ್ಪವಾಗಬೇಕು, ಇಲ್ಲವೇ ಅಳೆಯುವುದನ್ನು ಕಡಿಮೆ ಮಾಡಬೇಕು. ಇಷ್ಟು ಕಷ್ಟಪಟ್ಟು ಗಳಿಸಿದ ಏಳು ದಿನವಾದರೂ ನಿಜಕ್ಕೂ ಅನುಕೂಲವೇ? ವಾರಕ್ಕೊಮ್ಮೆ ಬರುವ ಕೆಲಸ ದಿನಚರಿಯಲ್ಲಿ ಕೂರುವುದಿಲ್ಲ, ಮರೆತುಹೋಗುತ್ತದೆ. ನೆನಪಾಗುವುದು ರಾತ್ರಿ ಮಲಗುವಾಗ, ಬ್ಯಾಟರಿ ಮುಗಿಯುತ್ತಿದೆ ಎಂಬ ಸೂಚನೆ ಮೊಬೈಲಿನಲ್ಲಿ ಬಂದಾಗ. ಆ ರಾತ್ರಿಯ ದಾಖಲೆ ಕೈತಪ್ಪಿದಂತೆಯೇ. ದಿನವೂ ಮಾಡುವ ಕೆಲಸ ಹಾಗಲ್ಲ. ಬೆಂಗಳೂರಿನ ಎಚ್‌ಎಂಟಿ ಕಾರ್ಖಾನೆಯ ಕೀಲಿ ಕೊಡುವ ಕೈಗಡಿಯಾರವನ್ನು ಒಂದು ತಲೆಮಾರು ದಿನವೂ ತಿರುಗಿಸಿತು. ಅದು ಹೊರೆಯಾಗಲಿಲ್ಲ, ಏಕೆಂದರೆ ಅದಕ್ಕೆ ಗೊತ್ತಾದ ಹೊತ್ತಿತ್ತು.

ಉಂಗುರಕ್ಕೂ ಅಂಥ ಹೊತ್ತು ಸ್ನಾನದ್ದು. ಖಾಲಿ ಉಂಗುರ ತುಂಬಲು ಸುಮಾರು ಒಂದೂವರೆ ಗಂಟೆ ಬೇಕೆಂದಿಟ್ಟುಕೊಳ್ಳೋಣ. ಏಳು ದಿನದ ಉಂಗುರ ದಿನಕ್ಕೆ ಖರ್ಚು ಮಾಡುವುದು ಏಳರಲ್ಲೊಂದು ಪಾಲು, ಅಂದರೆ ಹದಿಮೂರು ನಿಮಿಷದ ಚಾರ್ಜ್. ಸ್ನಾನ ಮಾಡಿ ತಲೆ ಒರೆಸಿಕೊಳ್ಳುವಷ್ಟರಲ್ಲಿ ಹಿಂದಿನ ದಿನದ ಖರ್ಚು ತುಂಬಿರುತ್ತದೆ. ನೂರು ಮೀಟರ್ ನೀರಿನಾಳಕ್ಕೂ ಜಗ್ಗದ ಉಂಗುರವನ್ನು ಸ್ನಾನಕ್ಕೆ ತೆಗೆಯುವುದೇಕೆ ಎಂದು ಕೇಳಬಹುದು. ನೀರು ಉಂಗುರವನ್ನು ಕೆಡಿಸದು, ನಿಜ; ಆದರೆ ಅದರಡಿ ನಿಂತ ಸೋಪು ಚರ್ಮವನ್ನು ಕೆಡಿಸುತ್ತದೆ, ತೆಗೆದು ತೊಳೆದು ಒರೆಸಿ ಹಾಕಿಕೊಳ್ಳುವುದೇ ಮೇಲು. ಸ್ನಾನ ಹಿಡಿಸದವರಿಗೆ ಅಡುಗೆಮನೆಯಿದೆ: ರೊಟ್ಟಿ ತಟ್ಟುವಾಗ, ಹಿಟ್ಟು ನಾದುವಾಗ ಹೇಗೂ ಹಲವರು ಉಂಗುರ ಕಳಚಿಡುತ್ತಾರೆ. ದಿನವೂ ಚಾರ್ಜ್ ಹಾಕಿದರೆ ಬ್ಯಾಟರಿ ಬೇಗ ಸವೆಯುವುದಿಲ್ಲವೇ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಲಿಥಿಯಂ ಬ್ಯಾಟರಿ ಸವೆಯುವುದು ಎಷ್ಟು ಸಲ ಚಾರ್ಜಿಂಗ್ ಡಾಕ್ ಮೇಲಿಟ್ಟೆವು ಎಂಬುದರ ಲೆಕ್ಕದಲ್ಲಲ್ಲ. ಏಳು ಸಲ ಸ್ವಲ್ಪಸ್ವಲ್ಪ ತುಂಬಿಸಿದ್ದು ಒಂದು ಪೂರ್ತಿ ಸುತ್ತಿಗೆ ಸಮ, ಸವೆತ ಅದಕ್ಕಿಂತ ಹೆಚ್ಚಲ್ಲ. ಬ್ಯಾಟರಿಗೆ ಹೆಚ್ಚು ಪೆಟ್ಟು ಕೊಡುವುದು ಪೂರ್ತಿ ಬರಿದಾಗುವುದು ಮತ್ತು ಬಿಸಿಯಲ್ಲಿ ನೂರಕ್ಕೆ ನೂರು ತುಂಬಿಕೊಂಡಿರುವುದು. ದಿನವೂ ತುಂಬಿಸುವವರಿಗೆ ಶೇ. 80ಕ್ಕೇ ನಿಲ್ಲಿಸಿದರೂ ಸಾಕು. ಬಹುಪಾಲು ಉಂಗುರಗಳಲ್ಲಿ ಬ್ಯಾಟರಿ ಬದಲಿಸಲು ಬರುವುದಿಲ್ಲ. ಅದು ಸತ್ತ ದಿನ ಇಡೀ ಉಂಗುರ ಕಸ. ಹಾಗಿರುವಾಗ ಸವೆತ ಸಣ್ಣ ಸಂಗತಿಯಲ್ಲ. ಚಾರ್ಜೇ ಬೇಡದ ಉಂಗುರವೂ ಉಂಟು: ಪೆಬಲ್ ಕಂಪನಿ 2025ರ ಕೊನೆಯಲ್ಲಿ ಘೋಷಿಸಿದ ಇಂಡೆಕ್ಸ್ ಅಂಥದ್ದು. ಆದರೆ ಅದು ಗುಂಡಿ ಒತ್ತಿದಾಗ ಮಾತ್ರ ಮಾತು ದಾಖಲಿಸುತ್ತದೆ, ರಾತ್ರಿಯಿಡೀ ನಾಡಿ ನೋಡುವ ಕೆಲಸ ಅದಕ್ಕಿಲ್ಲ.

ಇಷ್ಟಾದರೂ ಡಾಕ್ ಸರಿಯಿಲ್ಲದಿದ್ದರೆ ಎಲ್ಲ ವ್ಯರ್ಥ. ಬಚ್ಚಲಿನ ಬಳಿ ಪ್ಲಗ್ ಇರುವುದು ಅಪರೂಪ, ಇದ್ದರೂ ತೇವದ ಭಯ. ಕಳಚಿದ ಉಂಗುರ ಸಿಂಕಿನ ಅಂಚಿನಿಂದ ಜಾರಿ ಕಳೆದುಹೋಗುವುದೂ ಇದೆ. ಆದ್ದರಿಂದ ತನ್ನದೇ ಬ್ಯಾಟರಿಯಿರುವ, ಮುಚ್ಚಳವಿರುವ ಡಬ್ಬಿಯೇ ಸರಿ. ಗ್ಯಾಲಕ್ಸಿ ರಿಂಗ್‌ನ ಡಬ್ಬಿಯಲ್ಲಿ 361 ಎಂಎಎಚ್ ಇದೆ. ದಾರಿಯಲ್ಲಿ ಸೋರಿದ್ದನ್ನು ಕಳೆದರೂ ಉಂಗುರವನ್ನು ಎಷ್ಟೋ ಸಲ ತುಂಬಿಸೀತು. ಲೋಹದ ಪಿನ್‌ಗಳಿಗಿಂತ ಸುರುಳಿಯ ಚಾರ್ಜಿಂಗ್ ಒಳ್ಳೆಯದು, ಏಕೆಂದರೆ ಬೆವರಿನ ಉಪ್ಪು ಪಿನ್ನನ್ನು ತಿನ್ನುತ್ತದೆ. ಉಳಿಯುವ ದೊಡ್ಡ ಕೊರತೆ ಅಳತೆಯದು. ಡಾಕಿನ ನಡುವಿನ ಗೂಟ ಒಂದು ಅಳತೆಯ ಉಂಗುರಕ್ಕೆ ಹೊಂದಿದರೆ ಇನ್ನೊಂದಕ್ಕೆ ಹೊಂದದು, ಒಂದು ಕಂಪನಿಯ ಡಾಕ್ ಇನ್ನೊಂದರ ಉಂಗುರಕ್ಕೆ ಆಗದು. ಐರೋಪ್ಯ ಒಕ್ಕೂಟ 2024ರ ಡಿಸೆಂಬರ್‌ನಿಂದ ಮೊಬೈಲ್, ಇಯರ್‌ಬಡ್‌ಗಳಿಗೆ ಯುಎಸ್‌ಬಿ-ಸಿ ಕಡ್ಡಾಯ ಮಾಡಿತು; ಆ ಪಟ್ಟಿಯಲ್ಲಿ ಉಂಗುರವಿಲ್ಲ. ಬೆರಳುಗಳೇ ಬೇರೆ ಬೇರೆ, ಒಂದೇ ಡಾಕ್ ಹೇಗೆ ಸಾಧ್ಯ ಎನ್ನಬಹುದು. ಗೂಟ ಬಿಟ್ಟು, ಉಂಗುರದ ಒಂದು ಬದಿ ಮಾತ್ರ ಕೂರುವ ತಗ್ಗನ್ನು ಕೊಟ್ಟು, ಸುರುಳಿಯಿರುವ ಭಾಗವನ್ನು ಆಯಸ್ಕಾಂತದಿಂದ ಅಲ್ಲಿಗೇ ಎಳೆದುಕೊಳ್ಳುವಂತೆ ಮಾಡಿದರೆ ಸುತ್ತಳತೆಯ ಗೊಡವೆ ಬಹುಮಟ್ಟಿಗೆ ತಪ್ಪುತ್ತದೆ. ಕಂಪನಿಗಳು ಒಪ್ಪಬೇಕಾದದ್ದು ಸುರುಳಿಯ ಜಾಗ, ಆಯಸ್ಕಾಂತದ ದಿಕ್ಕು, ವಿದ್ಯುತ್ತಿನ ಆವರ್ತನ ಈ ಮೂರನ್ನು. ಅಷ್ಟಾದರೆ ಮನೆಯಲ್ಲಿ ಅಪ್ಪನ ದಪ್ಪ ಬೆರಳಿನ ಉಂಗುರಕ್ಕೂ ಮಗಳ ಸಣ್ಣ ಉಂಗುರಕ್ಕೂ ಬಚ್ಚಲಿನ ಹೊರಗಿನ ಗೂಡಿನಲ್ಲಿ ಒಂದೇ ಡಬ್ಬಿ ಸಾಕು.